ಸಂಪೂರ್ಣ ದಂತ ಗ್ರಾಮ ಪೆಜಬೆಟ್ಟು

ಬೆಳ್ತಂಗಡಿ ತಾಲೂಕಿನ ಪೆಜಬೆಟ್ಟು ಗ್ರಾಮದಲ್ಲಿ ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ ಮಾರ್ಚ್ ಮೂವತ್ತೊಂದಕ್ಕೆ ಇದ್ದಂತೆ ಒಟ್ಟು 2,140 ಬಾಯಿಗಳೂ 68,480 ಹಲ್ಲುಗಳೂ ಇದ್ದವು. ಬಾಯಿಗೆ ಮೂವತ್ತೆರಡರ ಪ್ರಕಾರ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತೊಟ್ಟಿಲಲ್ಲಿದ್ದ ಮಕ್ಕಳು, ತೊಂಬತ್ತು ದಾಟಿದ ಹದಿನಾಲ್ಕು ಮಂದಿ ಅಜ್ಜಿಯಂದಿರು, ಗಣತಿಯ ಹೊತ್ತಿಗೆ ದುಬಾಯಿ ಜಿದ್ದಾಗಳಲ್ಲಿ ದುಡಿಯುತ್ತಿದ್ದ ಗಂಡಸರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಸರಕಾರದ ಪುಸ್ತಕದಲ್ಲಿ ಬರೆದಿರುವ ಸಂಗತಿಯಾದ್ದರಿಂದ ಇದರ ಬಗ್ಗೆ ಚರ್ಚೆ ಬೇಡ.

ಈ ಹಲ್ಲುಗಳ ಪೈಕಿ ಒಂದು, ಕೆಳಸಾಲಿನ ಎಡಬದಿಯ ದವಡೆ ಹಲ್ಲು, ಮಮ್ಮು ಬ್ಯಾರಿಯವರದ್ದು. ಅವರು ಅರವತ್ತೆರಡರ ಒಣಮೀನು ವ್ಯಾಪಾರಿ. ವೇಣೂರು ಪೇಟೆಯಲ್ಲಿ ಒಂದು ಸಣ್ಣ ಅಂಗಡಿ, ವಾರಕ್ಕೊಮ್ಮೆ ಮೂಡುಬಿದಿರೆಯ ಸಂತೆ. ಆ ಹಲ್ಲು ಏಪ್ರಿಲ್ ತಿಂಗಳ ಮೊದಲ ವಾರ ನೋಯಲಿಕ್ಕೆ ಸುರುವಾಯಿತು. ಹಲ್ಲು ನೋಯುವುದು ಲೋಕದಲ್ಲಿ ಹೊಸತಲ್ಲ. ಆದರೆ ಪೆಜಬೆಟ್ಟಿನಲ್ಲಿ ಏಪ್ರಿಲ್ ಒಂದರಿಂದ ಹಲ್ಲುನೋವು ರದ್ದಾಗಿತ್ತು. ಅದು ಹೇಗೆ ಎಂದು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಜನವರಿಯಲ್ಲಿ ‘ಬಾಯಿಯೇ ದೇಹದ ಹೆಬ್ಬಾಗಿಲು’ ಎಂಬ ಅಭಿಯಾನ ಬಂದಿತ್ತು. ಹಳದಿ ಕಾಗದದ ಕರಪತ್ರ ಮನೆಮನೆಗೂ ಬಂತು. ಬಾಯಿ ಕೆಟ್ಟರೆ ಹೃದಯಕ್ಕೆ ಕೇಡು, ಒಸಡಿನಲ್ಲಿ ಕೀವಾದರೆ ಸಕ್ಕರೆ ಕಾಯಿಲೆ ಹತೋಟಿಗೆ ಬಾರದು, ಆದಕಾರಣ ದಿನಕ್ಕೆರಡು ಸಲ ಹಲ್ಲುಜ್ಜಿರಿ, ಹೊಗೆಸೊಪ್ಪು ಬಿಡಿರಿ ಎಂದು ಅದರಲ್ಲಿ ಬರೆದಿತ್ತು. ಬರೆದದ್ದೆಲ್ಲ ಸತ್ಯ. ಸತ್ಯವಾದ್ದರಿಂದ ಯಾರೂ ಓದಲಿಲ್ಲ. ಮಮ್ಮು ಬ್ಯಾರಿ ನೂರು ಕರಪತ್ರ ಒಟ್ಟು ಮಾಡಿ ಅದರಲ್ಲಿ ಒಣ ಸಿಗಡಿ ಕಟ್ಟಿಕೊಟ್ಟರು.

ಕರಪತ್ರದ ಹಿಂದೆಯೇ ಹಲ್ಲುಗಳ ಗಣತಿ ಬಂತು. ಆರೋಗ್ಯ ಸಹಾಯಕಿ ವಾರಿಜಾಕ್ಷಿಯವರು ನಾನೂರ ಹನ್ನೆರಡು ಮನೆಗಳ ಎಲ್ಲ ಬಾಯಿಗಳನ್ನು ಹನ್ನೊಂದು ದಿನದಲ್ಲಿ ‘ಖುದ್ದಾಗಿ ಒಳಹೊಕ್ಕು ಪರಿಶೀಲಿಸತಕ್ಕದ್ದು’ ಎಂದು ಆದೇಶ. ಅದಕ್ಕೆ ಟಾರ್ಚು ಕೊಟ್ಟಿದ್ದರು, ಸೆಲ್ಲು ಪ್ರತ್ಯೇಕ ಮಂಜೂರಾಗಬೇಕಿತ್ತು. ಬೆಳಿಗ್ಗೆ ಜನ ತೋಟ, ಗದ್ದೆ, ಅಂಗಡಿ ಎಂದು ಹೋಗುವುದರಿಂದ ಅವರು ಮಧ್ಯಾಹ್ನದ ಊಟದ ಮೇಲೆ ಬರುತ್ತಿದ್ದರು. ಅಲ್ಲಿಯೇ ಆದದ್ದು ಎಡವಟ್ಟು. ಪೆಜಬೆಟ್ಟಿನಲ್ಲಿ ಊಟದ ಮೇಲೆ ಎಲೆಅಡಿಕೆ ಇಲ್ಲದ ಬಾಯಿಯನ್ನು ದೀಪ ಹಿಡಿದು ಹುಡುಕಬೇಕು. ಎಲೆಅಡಿಕೆ ತುಂಬಿದ ಬಾಯಿಯನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಕೆಂಪು ರಸ ನರ್ಸಮ್ಮನ ಬಿಳಿ ಸೀರೆಯ ಮೇಲೆ. ಹಾಗಾಗಿ ಊರಿನವರು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು, ಹಲ್ಲು ಎಷ್ಟೆಂದು ಕೈಬೆರಳಲ್ಲಿ ತೋರಿಸಿದರು.

ಅಷ್ಟರಲ್ಲಿ ರೇಶನ್ ಕೊಡುವ ಸೊಸೈಟಿಯ ಕ್ಯೂನಲ್ಲಿ ಒಂದು ಸುದ್ದಿ ಹುಟ್ಟಿತ್ತು. ಹಲ್ಲು ಪೂರ್ತಿ ಇದ್ದವರಿಗೆ ಕುಚ್ಚಲಕ್ಕಿ, ಕಡಿಮೆ ಇದ್ದವರಿಗೆ ರವೆ! ಪೆಜಬೆಟ್ಟಿನವರು ಯಾವ ಕಷ್ಟವನ್ನೂ ತಡೆದಾರು, ಮೂರು ಹೊತ್ತು ರವೆಯ ಗಂಜಿ ತಡೆಯಲಾರರು. ಹಾಗಾಗಿ ಕೈಬೆರಳುಗಳು ಸ್ವಲ್ಪ ಉದಾರವಾದವು.

ಮಮ್ಮು ಬ್ಯಾರಿಯವರ ಬಾಯಲ್ಲಿದ್ದದ್ದು ಹತ್ತೊಂಬತ್ತು ಹಲ್ಲು. ಅವರು ಎರಡೂ ಕೈಗಳ ಬೆರಳುಗಳನ್ನು ಮೂರು ಸಲ ಬಿಡಿಸಿ ತೋರಿಸಿ, ಕೊನೆಗೆ ಎರಡು ಬೆರಳು ಎತ್ತಿದರು.

“ಮೂವತ್ತೆರಡಾ ಕಾಕ?” ವಾರಿಜಾಕ್ಷಿ ಕೇಳಿದರು.

ಮಮ್ಮು ಗಂಭೀರವಾಗಿ ತಲೆಯಾಡಿಸಿದರು. ವಾರಿಜಾಕ್ಷಿ ಬರೆದುಕೊಂಡು ಹೋದ ಮೇಲೆ ಹೆಂಡತಿ ಬೀಪಾತುಮ್ಮ ಒಳಗಿನಿಂದ ಬಂದು, “ಹದಿಮೂರು ಹಲ್ಲು ಎಲ್ಲಿಂದ ತರ್ತೀರಿ? ಬಾಕಿ ಅಂತ ಬರೆಸಿದ್ದಾ?” ಎಂದು ಕೇಳಿದರು. ಮಮ್ಮು ಅಂಗಳಕ್ಕೆ ಉಗಿದು ಬಂದು, “ನಾನೆಲ್ಲಿ ಸುಳ್ಳು ಹೇಳಿದೆ? ಬಾಯಿಯೇ ಬಿಡ್ಲಿಲ್ಲ” ಎಂದರು.

ಫಲಿತಾಂಶ ಬಂಟ್ವಾಳದ ಬಿ.ಸಿ.ರೋಡಿನಲ್ಲಿದ್ದ ವಿಭಾಗೀಯ ದಂತ ಸಂಯೋಜನಾ ಕಚೇರಿಗೆ ಹೋಯಿತು. ಅಲ್ಲಿಯ ಸಂಯೋಜನಾಧಿಕಾರಿಗಳು ಲೆಕ್ಕ ನೋಡಿ ಸಂತೋಷಪಟ್ಟು, ಪೆಜಬೆಟ್ಟನ್ನು ‘ಸಂಪೂರ್ಣ ದಂತ ಗ್ರಾಮ’ ಎಂದು ಘೋಷಿಸಿದರು. ಪ್ರತಿಯೊಂದು ರೇಶನ್ ಕಾರ್ಡಿನ ಮೇಲೆ ನೀಲಿ ಬಣ್ಣದ ನಗುವ ಬಾಯಿಯ ಮೊಹರು ಬಿತ್ತು. ಬಸ್ ನಿಲ್ದಾಣದಲ್ಲಿ ‘ಸಂಪೂರ್ಣ ದಂತ ಗ್ರಾಮಕ್ಕೆ ಸ್ವಾಗತ, ನಗುತ್ತಾ ಬನ್ನಿ’ ಎಂಬ ಬೋರ್ಡು ಎದ್ದಿತು. ಅದರಲ್ಲಿ ಪಂಚಾಯತು ಅಧ್ಯಕ್ಷ ನೋಣಯ್ಯನವರ ಚಿತ್ರ ತುಟಿ ಬಿಗಿ ಮುಚ್ಚಿಕೊಂಡಿತ್ತು, ಯಾಕೆಂದರೆ ಅವರಿಗೆ ಎದುರಿನ ನಾಲ್ಕು ಹಲ್ಲು ಇರಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಗ್ರಾಮದ ಗಡಿಯೊಳಗೆ ಬಳಸಕೂಡದೆಂದು ನಿರ್ಣಯವಾಯಿತು. ಅಕ್ಕಿ ರವೆಯ ಗಾಳಿಸುದ್ದಿಯನ್ನೂ ಕಚೇರಿ ಕೈಬಿಡಲಿಲ್ಲ. ‘ಸಾರ್ವಜನಿಕರಲ್ಲಿ ಈಗಾಗಲೇ ಜಾರಿಯಲ್ಲಿರುವುದರಿಂದ’ ಅದನ್ನೇ ಸುತ್ತೋಲೆಯಾಗಿ ಹೊರಡಿಸಿದರು. ನಿಯಮ ಮಾಡುವ ಕೆಲಸ ಊರಿನವರೇ ಮಾಡಿಕೊಟ್ಟರೆ ಯಾವ ಕಚೇರಿ ಬೇಡ ಅನ್ನುತ್ತದೆ ಹೇಳಿ.

ಇಂಥ ಗ್ರಾಮದಲ್ಲಿ ಮಮ್ಮು ಬ್ಯಾರಿಯವರ ಹಲ್ಲು ನೋಯತೊಡಗಿತು.

ಮೊದಲು ಅವರು ಲವಂಗ ಇಟ್ಟರು, ಆಮೇಲೆ ಉಪ್ಪುನೀರು ಮುಕ್ಕಳಿಸಿದರು, ಆಮೇಲೆ ಹೆಂಡತಿಗೆ ಬೈದರು. ಯಾವುದರಿಂದಲೂ ಕಡಿಮೆಯಾಗಲಿಲ್ಲ. ಈ ನಡುವೆ ಮೀನಿನ ಪೆಟ್ಟಿಗೆಯ ಮೊಳೆ ಬಲಗಾಲಿನ ಹೆಬ್ಬೆರಳಿಗೆ ತಾಗಿ ಗಾಯವಾಯಿತು. ಹಲ್ಲಿನ ನೋವಿನೆದುರು ಗಾಯ ಯಾವ ಲೆಕ್ಕ ಎಂದು ಬಿಟ್ಟರು. ಗಾಯ ಮಾಯಲಿಲ್ಲ, ಕಪ್ಪಾಗತೊಡಗಿತು. ಬೀಪಾತುಮ್ಮ ಅವರನ್ನು ಎಳೆದುಕೊಂಡು ಮೂಡುಬಿದಿರೆಯ ಹಳೇ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಾಲು ನೋಡಿದರು, ರಕ್ತದ ಸಕ್ಕರೆ ಪರೀಕ್ಷೆಯ ಚೀಟಿ ನೋಡಿದರು, ಮತ್ತೆ ಮಮ್ಮುವಿನ ಬಾತ ಕೆನ್ನೆ ನೋಡಿದರು.

“ಹಲ್ಲು ನೋವು ಎಷ್ಟು ದಿನದಿಂದ?”

“ನಾನು ಕಾಲು ತೋರಿಸ್ಲಿಕ್ಕೆ ಬಂದದ್ದು ಡಾಕ್ಟ್ರೆ.”

“ಕಾಲು ನೋಡಿದೆ. ಅದಕ್ಕೇ ಹಲ್ಲು ಕೇಳಿದ್ದು. ಬಾಯಿ ಬಿಡಿ.” ನೋಡಿ, ಮುಖ ಕಿವುಚಿ ಹೇಳಿದರು: “ಒಳಗೆ ಕೀವು ಉಂಟು. ಅದು ಇರುವಷ್ಟು ದಿನ ನಿಮ್ಮ ಸಕ್ಕರೆ ಇಳಿಯುದಿಲ್ಲ. ಸಕ್ಕರೆ ಇಳಿಯದೆ ಕಾಲಿನ ಗಾಯ ಒಣಗುದಿಲ್ಲ. ಈ ವಾರವೇ ಹಲ್ಲು ತೆಗೆಸಿ. ಇಲ್ಲದಿದ್ರೆ ಬೆರಳು ತೆಗೀಬೇಕಾಗ್ತದೆ.”

ಹಲ್ಲಿಗೂ ಹೆಬ್ಬೆರಳಿಗೂ ನಡುವೆ ಇಷ್ಟು ಉದ್ದದ ಮನುಷ್ಯ ಇರುವಾಗ ಇವೆರಡಕ್ಕೆ ಎಂತ ಸಂಬಂಧ ಎಂದು ಮಮ್ಮು ಬ್ಯಾರಿಗೆ ಅರ್ಥವಾಗಲಿಲ್ಲ. ಆದರೆ ಆ ಡಾಕ್ಟರು ಮೂವತ್ತು ವರ್ಷದಲ್ಲಿ ಅವರಿಗೆ ಒಂದು ಸುಳ್ಳು ಹೇಳಿದವರಲ್ಲ. ದಾರಿಯಲ್ಲಿ ಬೀಪಾತುಮ್ಮ, “ಹಳದಿ ಕಾಗದದಲ್ಲಿ ಇದೇ ಬರೆದಿತ್ತು. ನೀವು ಸಿಗಡಿ ಕಟ್ಟಿದ್ರಿ” ಎಂದರು.

ಮೂಡುಬಿದಿರೆಯ ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಕೂರಿಸುವ ಮುಂಚೆಯೇ ಊರು ಯಾವುದೆಂದು ಕೇಳಿದರು. ಪೆಜಬೆಟ್ಟು ಎಂದ ಕೂಡಲೇ ಕೈಗವಸು ಬಿಚ್ಚಿಟ್ಟರು. ಸಂಪೂರ್ಣ ದಂತ ಗ್ರಾಮದವರ ಹಲ್ಲು ಅನುಮತಿಯಿಲ್ಲದೆ ಕಿತ್ತರೆ ಪರವಾನಗಿ ರದ್ದೆಂದು ಅವರಿಗೂ ಸುತ್ತೋಲೆ ಬಂದಿತ್ತು. ಮಂಗಳವಾರ ಲಾಯಿಲದ ಮೈದಾನಕ್ಕೆ ಅಭಿಯಾನದ್ದೇ ಹಲ್ಲಿನ ವ್ಯಾನು ಬರುತ್ತದೆ, ಅಲ್ಲಿ ಕೇಳಿ ಎಂದರು.

ಲಾಯಿಲದ ವ್ಯಾನಿನಲ್ಲಿ ಇಹ್ಸಾನ್ ಎಂಬ ಎಳೆ ಡಾಕ್ಟರು ಇದ್ದರು. “ಬನ್ನಿ ಕಾಕ, ಐದು ನಿಮಿಷದ ಕೆಲಸ” ಎಂದು ಇಕ್ಕಳ ಕೈಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಹೆಸರು ಬರೆಯುವವನು ರೇಶನ್ ಕಾರ್ಡಿನ ನೀಲಿ ಮೊಹರು ನೋಡಿ ಕೂಗಿದ.

“ಸರ್, ಮುಟ್ಟಬೇಡಿ! ಇವರಿಗೆ ಹಲ್ಲುನೋವು ಇಲ್ಲ.”

“ಎಂತ ಮಾರಾಯ ನೀನು? ಕೆನ್ನೆ ಬಾತದ್ದು ಕಾಣುದಿಲ್ವಾ?”

ಅವನು ಪುಸ್ತಕ ತೆಗೆದು ಓದಿದ: “ನಿಯಮ ಏಳು. ಸಂಪೂರ್ಣ ದಂತ ಗ್ರಾಮದ ನಿವಾಸಿಗೆ ಹಲ್ಲುನೋವು ಇರತಕ್ಕದ್ದಲ್ಲ. ಇದ್ದಲ್ಲಿ ಆತನನ್ನು ಸದರಿ ಗ್ರಾಮದ ನಿವಾಸಿಯಲ್ಲವೆಂದು ಭಾವಿಸತಕ್ಕದ್ದು.”

“ಹಾಗಾದ್ರೆ ಬೇರೆ ಊರಿನವರು ಅಂತ ಬರ್ಕೊ.”

“ಬೇರೆ ಊರಿನವರಿಗೆ ಈ ಕಾರ್ಡು ಎಲ್ಲಿಂದ ಬಂತು ಅಂತ ಕೇಳ್ತಾರೆ ಸರ್. ಅದು ಪೋಲೀಸು ಕೇಸು.”

ಇಹ್ಸಾನ್ ಡಾಕ್ಟರು ಇಕ್ಕಳವನ್ನು ತಟ್ಟೆಯಲ್ಲಿಟ್ಟರು. ಅವರ ಮುಖ ಸಣ್ಣದಾಗಿತ್ತು. “ಕಾಕ, ನಿಮ್ಮ ಅಧ್ಯಕ್ಷರಿಂದ ಒಂದು ಪತ್ರ ತನ್ನಿ. ನಾನು ಮುಂದಿನ ಮಂಗಳವಾರವೂ ಇಲ್ಲೇ ಇರ್ತೇನೆ” ಎಂದರು.

ನೋಣಯ್ಯನವರೂ ಮಮ್ಮುವೂ ಒಂದೇ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಒಟ್ಟಿಗೆ ಓದಿದವರು. ನೋಣಯ್ಯ ಕೆಟ್ಟವರಲ್ಲ. ಆದರೆ ರಾಜ್ಯ ಪ್ರಶಸ್ತಿಯ ಪಟ್ಟಿಯಲ್ಲಿ ಪೆಜಬೆಟ್ಟಿನ ಹೆಸರಿದ್ದು, ಜೂನಿನಲ್ಲಿ ಪರಿಶೀಲನಾ ತಂಡ ಬರುವುದಿತ್ತು. ತಂಡದ ಜೀಪು ಸಲೀಸಾಗಿ ಬರಲೆಂದು ರಸ್ತೆಗೆ ಡಾಂಬರು ಮಂಜೂರಾಗಿತ್ತು, ಆ ಡಾಂಬರು ಬಸ್ ನಿಲ್ದಾಣದಿಂದ ಹೊರಟು ಸುತ್ತು ಬಳಸಿ ನೋಣಯ್ಯನವರ ಮನೆಯ ಅಂಗಳದಲ್ಲಿ ಮುಗಿಯುವುದಿತ್ತು.

“ನೋಣಯ್ಯಣ್ಣ, ಒಂದು ಹಲ್ಲು ತೆಗೆಸ್ಲಿಕ್ಕೆ ಪತ್ರ ಬೇಕು” ಎಂದರು ಮಮ್ಮು.

“ಒಂದು ಹಲ್ಲಿನ ಪ್ರಶ್ನೆಯಲ್ಲ ಮಮ್ಮು ಬ್ಯಾರಿ. ನಿಮ್ಮದು ಒಂದು ಹೋದ್ರೆ ಊರಿನ ಲೆಕ್ಕ ಅರುವತ್ತೆಂಟು ಸಾವಿರದ ನಾನೂರ ಎಪ್ಪತ್ತೊಂಬತ್ತು. ಸಂಪೂರ್ಣ ಅನ್ನುದು ಹೋಯ್ತು. ಮತ್ತೆ ಕೀಳುವಾಗ ಡಾಕ್ಟರು ಉಳಿದದ್ದನ್ನು ಎಣಿಸಿದ್ರೆ? ಹದಿನೆಂಟು ಅಂತ ಬರೆದ್ರೆ? ನಾಳೆ ಎಲ್ಲರ ಬಾಯಿ ಎಣಿಸ್ತಾರೆ. ನಾಡಿದ್ದು ಇಡೀ ಊರಿಗೆ ರವೆ.” ನೋಣಯ್ಯ ಅವರ ಹೆಗಲ ಮೇಲೆ ಕೈಯಿಟ್ಟರು. “ಎರಡು ತಿಂಗಳು ಹಲ್ಲು ಕಚ್ಚಿ ಸಹಿಸ್ಕೊಳ್ಳಿ ಮಾರಾಯ್ರೆ.”

“ಕಚ್ಚಲಿಕ್ಕೆ ಆಗ್ತಿದ್ರೆ ನಾನು ಯಾಕೆ ಬರ್ತಿದ್ದೆ?” ಎಂದು ಮಮ್ಮು ಕೇಳಿದರು. ಅದಕ್ಕೆ ಉತ್ತರವಾಗಿ ಪಂಚಾಯತು ಅದೇ ಸಂಜೆ ‘ದಂತ ಸಂರಕ್ಷಣಾ ಸಮಿತಿ’ ರಚಿಸಿತು. ಸಮಿತಿಯವರು ದಿನಾ ಸಂಜೆ ಮಮ್ಮು ಬ್ಯಾರಿಯವರ ಮನೆಗೆ ಬಂದು, ಹಲ್ಲು ಇದೆಯೆಂದು ಖಾತ್ರಿಮಾಡಿ, ಚಹಾ ಕುಡಿದು ಹೋಗತೊಡಗಿದರು. ವಾರಿಜಾಕ್ಷಿಯವರ ಟಾರ್ಚಿಗೆ ಅಷ್ಟು ಹೊತ್ತಿಗೆ ಸೆಲ್ಲು ಮಂಜೂರಾಗಿತ್ತು. ಅವರು ಬೆಳಕು ಹಾಕಿ ನೋಡಿದರು, ಹತ್ತೊಂಬತ್ತು ಎಣಿಸಿದರು, ಪುಸ್ತಕದಲ್ಲಿ ‘ಹಿಂದಿನಂತೆ’ ಎಂದು ಬರೆದರು.

“ನರ್ಸಮ್ಮ, ನೀವೇ ಕಣ್ಣಾರೆ ನೋಡಿದ್ರಲ್ಲ” ಎಂದರು ಬೀಪಾತುಮ್ಮ.

“ನೋಡಿದೆ ಉಮ್ಮ. ಹತ್ತೊಂಬತ್ತು ಬರೆದ್ರೆ ಮೊದಲು ಮೂವತ್ತೆರಡು ಬರೆದದ್ದು ಯಾರು ಅಂತ ಕೇಳ್ತಾರೆ. ನನಗೆ ಇನ್ನೂ ಕೆಲಸ ಖಾಯಂ ಆಗ್ಲಿಲ್ಲ.” ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಬೀಪಾತುಮ್ಮ ಅವರಿಗೂ ಚಹಾ ಕೊಟ್ಟರು.

ಹೆಬ್ಬೆರಳಿನ ಕಪ್ಪು ಉಗುರು ದಾಟಿ ಮೇಲೆ ಬಂದಿತ್ತು. ಮಮ್ಮು ಬ್ಯಾರಿ ಕಾಲಿಗೆ ಬಟ್ಟೆ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ ಬಂಟ್ವಾಳಕ್ಕೆ ಹೋದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಉಂಟಲ್ಲ, ಅವರು ನೇರ ದೇವರ ಹತ್ತಿರವೇ ಹೊರಟಿದ್ದರು.

ದಂತ ಸಂಯೋಜನಾ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲೆ ಇತ್ತು. ಮೆಟ್ಟಿಲು ಹತ್ತುವಾಗಲೇ ಲವಂಗದೆಣ್ಣೆಯ ವಾಸನೆ. ಒಳಗೆ ಗುಮಾಸ್ತರೆಲ್ಲ ಒಂದೊಂದು ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಸಂಯೋಜನಾಧಿಕಾರಿಗಳ ಕೆನ್ನೆಯಲ್ಲೂ ಹತ್ತಿ ಇತ್ತು. ಅಭಿಯಾನದ ಸಿಬ್ಬಂದಿಗೆ ಹಲ್ಲುನೋವು ಬಂದರೆ ನಡತೆಯ ಪುಸ್ತಕದಲ್ಲಿ ಕಪ್ಪುಗೆರೆ ಬೀಳುತ್ತಿದ್ದುದರಿಂದ ಯಾರಿಗೂ ಹಲ್ಲುನೋವು ಇರಲಿಲ್ಲ.

“ಯಾವ ನಂಬ್ರದ ಹಲ್ಲು?” ಅಧಿಕಾರಿಗಳು ಕೇಳಿದರು.

“ಇದು ಸರ್.”

“ಬೆರಳು ತೋರಿಸಬೇಡಿ. ಒಂದರಿಂದ ಮೂವತ್ತೆರಡರ ಒಳಗೆ ನಂಬ್ರ ಹೇಳಿ. ಚೆಕ್ಕುಬಂದಿಯೂ ಬೇಕು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು?”

ಮಮ್ಮು ಬ್ಯಾರಿ ತಾನು ಹತ್ತು ಸೆಂಟ್ಸ್ ಜಾಗ ಬರೆಸಿಕೊಂಡ ದಿನವನ್ನು ನೆನಪು ಮಾಡಿಕೊಂಡು ಹೇಳಿದರು: “ಪೂರ್ವಕ್ಕೆ ನಾಲಗೆ. ಪಶ್ಚಿಮಕ್ಕೆ ಕೆನ್ನೆ. ದಕ್ಷಿಣಕ್ಕೆ ಒಸಡು. ಉತ್ತರಕ್ಕೆ...” ಉತ್ತರಕ್ಕೆ ಖಾಲಿ ಇತ್ತು. ಅಲ್ಲಿದ್ದ ಹಲ್ಲು ಬಿದ್ದು ಎಂಟು ವರ್ಷವಾಗಿತ್ತು. ಖಾಲಿ ಎಂದರೆ ಊರಿಗೆ ರವೆ. “ಉತ್ತರಕ್ಕೆ ಸ್ವಂತ ಹಲ್ಲು” ಎಂದರು.

“ಒಳ್ಳೆಯದು. ಅದರ ನಿರಾಕ್ಷೇಪಣಾ ಪತ್ರ ಲಗತ್ತಿಸಿ.”

“ಹಲ್ಲಿನದ್ದಾ ಸರ್?”

“ಹಲ್ಲಿನ ಪರವಾಗಿ ನೀವು ಸಹಿ ಮಾಡಬಹುದು. ನಾವು ಅಷ್ಟು ಕಠಿಣ ಅಲ್ಲ.” ಅಧಿಕಾರಿಗಳು ಹತ್ತಿಯನ್ನು ಇನ್ನೊಂದು ಕೆನ್ನೆಗೆ ದಾಟಿಸಿದರು. “ಪರಿಶೀಲನಾ ತಂಡ ಬಂದುಹೋದ ಮೇಲೆ ಅರ್ಜಿಯನ್ನು ನೋಡುವ.”

ಮಮ್ಮು ಬ್ಯಾರಿ ಕಾಲಿನ ಬಟ್ಟೆ ಬಿಚ್ಚಿ ಹೆಬ್ಬೆರಳು ತೋರಿಸಿದರು. ಮೂಡುಬಿದಿರೆಯ ಹಳೇ ಡಾಕ್ಟರು ಹೇಳಿದ್ದನ್ನು ಹೇಳಿದರು. ಆಮೇಲೆ ಜೇಬಿನಿಂದ ಮೀನಿನ ವಾಸನೆಯ ಹಳದಿ ಕರಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿ, “ಇದು ನೀವೇ ಬರೆದದ್ದಲ್ವಾ ಸರ್? ಒಸಡಿನಲ್ಲಿ ಕೀವಾದ್ರೆ ಸಕ್ಕರೆ ಇಳಿಯುದಿಲ್ಲ ಅಂತ ಇದ್ರಲ್ಲಿ ಉಂಟು. ನನ್ನ ಬೆರಳು ಹೋಗ್ತದೆ ಸರ್” ಎಂದರು. ಪ್ರಾಯದ ಗಂಡಸು ಕಚೇರಿಯಲ್ಲಿ ಅಳುವುದು ನಾಚಿಕೆಯೆಂದು ಅವರು ಕೆಳಗೆ ನೋಡಿದರು.

ಅಧಿಕಾರಿಗಳು ಕರಪತ್ರವನ್ನು ತುದಿಯಲ್ಲಿ ಹಿಡಿದು ಓದಿದರು. ಮೊದಲ ಸಲ ಓದುತ್ತಿದ್ದಂತೆ ಕಂಡಿತು.

“ಬರೆದದ್ದು ಸರಿ ಉಂಟು. ಆದರೆ ಇದು ಪ್ರಚಾರಕ್ಕೆ, ಜಾರಿಗಲ್ಲ. ಮತ್ತೆ, ಹೆಬ್ಬೆರಳು ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ” ಎಂದು ಕರಪತ್ರ ಮರಳಿಸಿ, ಕೈ ತೊಳೆಯಲು ಎದ್ದರು.

ಜೂನ್ ಎರಡನೇ ತಾರೀಕು ಪರಿಶೀಲನಾ ತಂಡದ ಮೂವರು ಬಂದರು. ಸಭಾಭವನದಲ್ಲಿ ಕೋಳಿ, ಮೀನು, ಪಾಯಸದ ಊಟವಾಯಿತು. ಊಟದ ಮೇಲೆ ಹರಿವಾಣ ತುಂಬ ವೀಳ್ಯದೆಲೆ ಬಂತು. ನೋಣಯ್ಯನವರು ತಾವೇ ಸುಣ್ಣ ಹಚ್ಚಿ ತಂಡದ ಮೂವರಿಗೂ ಕೊಟ್ಟರು. ಆದಕಾರಣ ಪರಿಶೀಲನೆಯ ಹೊತ್ತಿಗೆ ಕೇಳುವವರ ಬಾಯಲ್ಲೂ ರಸ, ಹೇಳುವವರ ಬಾಯಲ್ಲೂ ರಸ. ಅರ್ಧ ಗಂಟೆ ಸಭಾಭವನದಲ್ಲಿ ಒಂದು ಸ್ವರವಿಲ್ಲ. ತಂಡದವರು ಹುಬ್ಬು ಹಾರಿಸುವುದು, ಊರಿನವರು ಹತ್ತು, ಹತ್ತು, ಹತ್ತು, ಎರಡು ಎಂದು ಕೈ ತೋರಿಸುವುದು. ಅಷ್ಟು ಶಿಸ್ತಿನ ತಪಾಸಣೆ ಆ ಜಿಲ್ಲೆಯಲ್ಲಿ ಹಿಂದೆ ನಡೆದಿಲ್ಲ ಎಂದು ವರದಿಯಲ್ಲಿದೆ.

ಇಡೀ ಸಭೆಯಲ್ಲಿ ಬಾಯಿ ಖಾಲಿ ಇದ್ದದ್ದು ಮಮ್ಮು ಬ್ಯಾರಿಯವರದ್ದೊಂದೇ. ನೋವಿನಿಂದ ಅವರು ಎಲೆ ಹಾಕದೆ ಎರಡು ತಿಂಗಳಾಗಿತ್ತು. ಮುಖ್ಯ ಪರಿಶೀಲಕರು ಅವರೆದುರು ಬಂದು ನಿಂತರು. ಈಗ ಹೇಳಿಬಿಡಬೇಕು ಎಂದು ಮಮ್ಮುವಿಗೆ ಅನಿಸಿತು. ಹತ್ತೊಂಬತ್ತು ಸ್ವಾಮಿ, ಅದರಲ್ಲಿ ಒಂದು ಕೊಳೆತಿದೆ, ನನ್ನ ಕಾಲು ಉಳಿಸಿ ಅಂದರೆ ಮುಗಿಯಿತು. ತಲೆಯೆತ್ತಿ ನೋಡಿದರೆ ಇಡೀ ಪೆಜಬೆಟ್ಟು, ಕೆನ್ನೆ ಉಬ್ಬಿಸಿಕೊಂಡು, ಉಸಿರು ಹಿಡಿದು ಅವರ ಬಾಯಿಯನ್ನೇ ನೋಡುತ್ತಿತ್ತು. ನೆರೆಮನೆಯ ಮೈಮೂನಮ್ಮ ಎರಡೂ ಕೈ ಜೋಡಿಸಿದ್ದರು. ಆಕೆಗೆ ಆರು ಮಕ್ಕಳು, ಸೊಸೈಟಿಯ ಅಕ್ಕಿ ಬಿಟ್ಟರೆ ಬೇರೆ ಅಕ್ಕಿಯಿಲ್ಲ. ಮಮ್ಮು ಬ್ಯಾರಿ ಬಾಯಿ ಮುಚ್ಚಿಯೇ ಎರಡೂ ಕೈ ಎತ್ತಿದರು. ಹತ್ತು, ಹತ್ತು, ಹತ್ತು, ಎರಡು.

ಮುಖ್ಯ ಪರಿಶೀಲಕರು ಕಿಟಕಿಯಿಂದ ಹೊರಗೆ ಉಗಿದು ಬಂದು, ಬಾತ ಕೆನ್ನೆಯನ್ನು ಪ್ರೀತಿಯಿಂದ ತಟ್ಟಿದರು. “ನೋಡಿ, ಇಷ್ಟು ದೊಡ್ಡ ಎಲೆಅಡಿಕೆ ಹಾಕಿಕೊಂಡೂ ಒಂದು ತೊಟ್ಟು ರಸ ಹೊರಗೆ ಬಂದಿಲ್ಲ! ಹಲ್ಲುಗಳು ಗಟ್ಟಿಯಿದ್ದರೆ ಮಾತ್ರ ಇದು ಸಾಧ್ಯ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಮಮ್ಮು ಬ್ಯಾರಿಯವರ ಕಣ್ಣಿನಿಂದ ನೀರಿಳಿಯಿತು, ಅದನ್ನು ಆನಂದಬಾಷ್ಪವೆಂದು ಬರೆದುಕೊಂಡರು.

ಅದಾಗಿ ಒಂಬತ್ತನೇ ದಿನ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವರ ಬಲ ಹೆಬ್ಬೆರಳನ್ನು ತೆಗೆದರು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ನಂಬ್ರ ಕೇಳಲಿಲ್ಲ, ಚೆಕ್ಕುಬಂದಿ ಕೇಳಲಿಲ್ಲ, ಪಕ್ಕದ ಬೆರಳಿನ ನಿರಾಕ್ಷೇಪಣೆ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬೀಪಾತುಮ್ಮ ಮಂಚದ ಬದಿಯಲ್ಲಿ ಕೂತು ಅತ್ತರು, ಆಮೇಲೆ ಮೂಗು ಒರೆಸಿಕೊಂಡು ಹೇಳಿದರು: “ನಿಮ್ಮ ನಾಲಗೆ ಸುಳ್ಳು ಹೇಳ್ಲಿಲ್ಲ, ಸರಿ. ಸುಳ್ಳು ಹೇಳಿದ್ದು ಕೈ. ದಂಡ ಕೊಟ್ಟದ್ದು ಕಾಲು. ಹಲ್ಲು ಆರಾಮಾಗಿ ಕೂತಿದೆ.” ಮಮ್ಮು ಬ್ಯಾರಿ ಗೋಡೆಯ ಕಡೆ ತಿರುಗಿ ಮಲಗಿದರು.

ಆಗಸ್ಟಿನಲ್ಲಿ ಪೆಜಬೆಟ್ಟಿಗೆ ರಾಜ್ಯ ಪ್ರಶಸ್ತಿ ಬಂತು. ಸಂಯೋಜನಾಧಿಕಾರಿಗಳಿಗೆ ವಿದೇಶಿ ಹಲ್ಲುಗಳ ಅಧ್ಯಯನಕ್ಕೆ ಸಿಂಗಾಪುರ ಪ್ರವಾಸ ಸಿಕ್ಕಿತು. ಗ್ರಾಮಕ್ಕೆ ಸಿಕ್ಕಿದ ಬಹುಮಾನ ಹಲ್ಲಿನ ಡಾಕ್ಟರು ಉಪಯೋಗಿಸುವ, ಮೇಲೆ ಕೆಳಗೆ ಹೋಗುವ, ತಲೆಗೆ ದೀಪವಿರುವ ಒಂದು ಕುರ್ಚಿ. ಅದರೊಂದಿಗೆ ಡಾಕ್ಟರನ್ನು ಕಳಿಸಲಿಲ್ಲ. ಸಂಪೂರ್ಣ ದಂತ ಗ್ರಾಮಕ್ಕೆ ಹಲ್ಲಿನ ಡಾಕ್ಟರ ಅಗತ್ಯವಿಲ್ಲ ಎಂದು ಅದೇ ಆದೇಶದ ಎರಡನೇ ಪ್ಯಾರಾದಲ್ಲಿತ್ತು. ಕುರ್ಚಿ ವ್ಯರ್ಥವಾಗಬಾರದೆಂದು ನೋಣಯ್ಯನವರು ಅದರಲ್ಲಿ ಕೂತು ಸಭೆ ನಡೆಸತೊಡಗಿದರು. ವಿರೋಧ ಬಂದಾಗ ಪೆಡಲು ಒತ್ತಿ ಒಂದು ಗೇಣು ಮೇಲೆ ಹೋಗುತ್ತಾರೆ, ಪ್ರಶ್ನೆ ಕಷ್ಟದ್ದಾದರೆ ಹಿಂದಕ್ಕೆ ಒರಗಿ ಮಲಗುತ್ತಾರೆ.

ಸೆಪ್ಟೆಂಬರಿನಲ್ಲಿ ಮಮ್ಮು ಬ್ಯಾರಿಯವರ ಅರ್ಜಿ ಮಂಜೂರಾಯಿತು. ಹಲ್ಲನ್ನು ‘ತಾತ್ಕಾಲಿಕವಾಗಿ ಬಾಯಿಯಿಂದ ಪಂಚಾಯತು ಕಚೇರಿಗೆ ಸ್ಥಳಾಂತರಿಸಲು’ ಅನುಮತಿ ಇತ್ತು. ಗ್ರಾಮದ ಗಡಿಯೊಳಗೇ ಇರುವುದರಿಂದ ಲೆಕ್ಕಕ್ಕೆ ಬಾಧಕವಿಲ್ಲ. ಲಾಯಿಲದಲ್ಲಿ ಇಹ್ಸಾನ್ ಡಾಕ್ಟರು ಐದೇ ನಿಮಿಷದಲ್ಲಿ ಅದನ್ನು ತೆಗೆದರು. ಮೂರು ವಾರದಲ್ಲಿ ಮಮ್ಮುವಿನ ಸಕ್ಕರೆ ಇಳಿಯಿತು, ಕಾಲಿನ ಹೊಲಿಗೆ ಒಣಗಿತು, ಗಂಜಿ ಸೇರಿತು, ರಾತ್ರಿ ನಿದ್ರೆ ಬಂತು. ಮೂಡುಬಿದಿರೆಯ ಹಳೇ ಡಾಕ್ಟರು ಚೀಟಿ ನೋಡಿ ಅವರ ಭುಜ ಒಮ್ಮೆ ಹಿಡಿದರು.

ಹಲ್ಲು ಈಗ ಪಂಚಾಯತಿನ ಕಪಾಟಿನಲ್ಲಿ, ಉಪ್ಪಿನಕಾಯಿಯ ಬಾಟಲಿಯೊಂದರಲ್ಲಿ ಇದೆ. ದಾಖಲೆಯಲ್ಲಿರುವ ಪ್ರತಿ ಹಲ್ಲನ್ನೂ ದಿನಕ್ಕೆರಡು ಸಲ ಉಜ್ಜತಕ್ಕದ್ದೆಂಬ ನಿಯಮ ಇರುವುದರಿಂದ ಮಮ್ಮು ಬ್ಯಾರಿ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಸಂಜೆ ಮುಚ್ಚಿದ ಮೇಲೆ, ಕುಂಟುತ್ತಾ ಬಂದು ಬಾಟಲಿಯಿಂದ ಅದನ್ನು ತೆಗೆದು, ಬ್ರಷ್ಷಿನಲ್ಲಿ ತಿಕ್ಕಿ, ತೊಳೆದು, ಒಳಗಿಟ್ಟು ಸಹಿ ಮಾಡುತ್ತಾರೆ. ಬಾಯಲ್ಲಿದ್ದಾಗ ಅದಕ್ಕೆ ಇಷ್ಟು ಉಪಚಾರ ಒಂದು ದಿನವೂ ಸಿಕ್ಕಿರಲಿಲ್ಲ. ಈ ಅನುಕೂಲ ನೋಡಿ ಉಳಿದವರೂ ಅರ್ಜಿ ಹಾಕಿದರು. ಎರಡು ವರ್ಷದಲ್ಲಿ ಕಪಾಟಿನ ಮೂರು ಅಂತಸ್ತು ತುಂಬಿತು. ಬೆಳಿಗ್ಗೆ ಎಂಟಕ್ಕೆ ಕಚೇರಿಯ ನಲ್ಲಿಯ ಹತ್ತಿರ ಬ್ರಷ್ಷು ಹಿಡಿದ ಹಿರಿಯರ ಸಾಲು ಇರುತ್ತದೆ. ಹೊಸ ವಿಷಯ, ಹಳೇ ವಿಷಯ ಎಲ್ಲ ಅಲ್ಲಿಯೇ ಮಾತಾಡುತ್ತಾರೆ. ಈಗ ಯಾರಿಗೂ ಅದರಲ್ಲಿ ವಿಶೇಷ ಕಾಣುವುದಿಲ್ಲ.

ಎರಡು ಸಾವಿರದ ಒಂದರಲ್ಲಿ ‘ಪಾದವೇ ಪ್ರಗತಿಯ ಬುನಾದಿ’ ಎಂಬ ಅಭಿಯಾನ ಬಂತು. ಈ ಸಲದ ಕರಪತ್ರ ಹಸಿರು. ಕಾಲ್ಬೆರಳುಗಳ ಗಣತಿಗೆ ವಾರಿಜಾಕ್ಷಿಯವರು ಮಧ್ಯಾಹ್ನದ ಊಟದ ಮೇಲೆ ಬಂದರು. ಅವರಿಗೆ ಇನ್ನೂ ಕೆಲಸ ಖಾಯಂ ಆಗಿರಲಿಲ್ಲ. ಹತ್ತು ಬೆರಳಿಲ್ಲದವರು ಸೊಸೈಟಿಯವರೆಗೆ ನಡೆಯಲಾರರು, ಆದ್ದರಿಂದ ಅವರ ಸೀಮೆಎಣ್ಣೆ ಕಡಿತ ಎಂಬ ಸುದ್ದಿ ವಾರಿಜಾಕ್ಷಿಯವರಿಗಿಂತ ಮೊದಲೇ ಬಂದಿತ್ತು.

ಮಮ್ಮು ಬ್ಯಾರಿ ಜಗಲಿಯಲ್ಲಿ ಕಾಲು ಚಾಚಿ, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲಿ ಬೀಪಾತುಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಗಂಡನ ಕೈಯನ್ನೇ ನೋಡುತ್ತಿದ್ದರು. ಮಮ್ಮು ಎರಡೂ ಕೈ ಎತ್ತಿದರು. ಹೆಂಡತಿಯ ಮುಖ ನೋಡಿದರು. ನಿಧಾನವಾಗಿ ಒಂದು ಹೆಬ್ಬೆರಳನ್ನು ಮಡಚಿದರು.

ವಾರಿಜಾಕ್ಷಿ ಆ ಕೈಯನ್ನು ನೋಡಿದರು, ಚಾಚಿದ ಕಾಲನ್ನು ನೋಡಿದರು, ಪುಸ್ತಕ ನೋಡಿದರು.

“ಕಾಕ, ಒಂಬತ್ತು ಬರೆದ್ರೆ ಒಂದು ಯಾಕೆ ಹೋಯ್ತು ಅಂತ ಕಾರಣ ಬರೀಬೇಕು” ಎಂದರು. “ಇದ್ರಲ್ಲಿ ಕಾರಣಕ್ಕೆ ಕಾಲಂ ಇಲ್ಲ.”

ಬೀಪಾತುಮ್ಮ ಒಳಗಿನ ಸೀಮೆಎಣ್ಣೆ ದೀಪದ ಕಡೆ ಒಮ್ಮೆ ನೋಡಿ, ಚಹಾ ಇಡಲು ಹೋದರು. ಮಮ್ಮು ಮಡಚಿದ ಬೆರಳನ್ನು ಬಿಡಿಸಿದರು. ವಾರಿಜಾಕ್ಷಿ ಹತ್ತು ಎಂದು ಬರೆದುಕೊಂಡರು.